ಹಡಗಿನ ಕಲ್ಲು

ದೀಪ ಸಣ್ಣ ಮಾಡಬೇಡಿ, ಹಾಗೇ ಇರಲಿ. ಇದು ನಮ್ಮ ದೊಡ್ಡಪ್ಪನ ಮಗ ರಾಜೇಶನಿಗೇ ಆದದ್ದು. ದೆವ್ವಗಿವ್ವ ಎಂದರೆ ಹೊಟ್ಟೆ ಹಿಡಿದುಕೊಂಡು ನಗುವ ಆಸಾಮಿ ಅವನು. ಆ ಮಳೆಗಾಲದವರೆಗೂ ನಗುತ್ತಿದ್ದ.

ತೊಂಬತ್ತೆಂಟನೇ ಇಸವಿ. ಗೋಣಿಬೀಡಿನ ಹೊರಗೆ ಆಲದ ಮರ, ಅದರ ಪಕ್ಕ ಹಳೇ ಬಾವಿ. ಅಲ್ಲಿ ಒಂದು ಕಲ್ಲು ನೆಟ್ಟಿದ್ದರು, ಹಿಂದೆ ಯುದ್ಧದಲ್ಲಿ ಮುಳುಗಿದ ನೀಲಗಂಗಾ ಹಡಗಿನ ನೆನಪಿಗೆ. ಬೆಟ್ಟದೂರಿನಲ್ಲಿ ಹಡಗಿನ ಕಲ್ಲು ಯಾಕೆ ಅಂತೀರಾ? ಅದರ ಕ್ಯಾಪ್ಟನ್ ಬಸವರಾಜಪ್ಪನವರು ನಮ್ಮ ಜಾವಳಿಯವರು. ಇಂಜಿನ್ ರೂಮಿನಲ್ಲಿದ್ದ ಮೊಯ್ದು ಕಾಕ ಗೋಣಿಬೀಡಿನವರೇ. ಬದುಕಿ ಬಂದು ಇಲ್ಲೇ ಜೀಪು ರಿಪೇರಿ ಮಾಡಿಕೊಂಡಿದ್ದರು.

ಕಲ್ಲಿನ ಮೇಲೆ ಹಡಗಿನ ಹೆಸರಿತ್ತು. ಸತ್ತ ನಾವಿಕರ ಹೆಸರುಗಳಿದ್ದವು. ಕ್ಯಾಪ್ಟನ್ ಹೆಸರು ಮಾತ್ರ ಇಲ್ಲ. ಹಡಗು ಬಿಟ್ಟು ಓಡಿದರು ಅಂತ ಸುದ್ದಿ. ಮೊದಲು ಹೊರಟ ದೋಣಿಯಲ್ಲಿ ಅವರ ಬಂಗಾರದ ಪಟ್ಟಿಯ ಕೋಟು ಕಂಡವರಿದ್ದರಂತೆ. ಓಡಿಹೋದವನ ತಂಗಿ ಎನ್ನಿಸಿಕೊಂಡು ವಿಮಲಮ್ಮನವರು ಮದುವೆ ಮನೆಗೆ ಹೋಗುವುದನ್ನೇ ಬಿಟ್ಟಿದ್ದರು.

"ಆ ಕೋಟು ಹಾಕಿದ್ದು ನಾನು ಮಾರಾಯ್ರೆ!" ಅನ್ನುತ್ತಿದ್ದರು ಮೊಯ್ದು ಕಾಕ. "ಚಳಿಗೆ ನಡುಗ್ತಿದ್ದೆ ಅಂತ ಅವ್ರೇ ಹೊದೆಸಿ ದೋಣಿಗೆ ಇಳಿಸಿದ್ರು. ಉಳಿದವರನ್ನ ಕರ್ಕೊಂಡು ಬರ್ತೀನಿ ಅಂತ ವಾಪಸ್ ಒಳಗೆ ಹೋದ್ರು, ಮತ್ತೆ ಹೊರಗೆ ಬರಲೇ ಇಲ್ಲ."

ಕಲ್ಲು ನೆಡಿಸಿದ ಕಮಿಟಿ ಎದುರು ಇದನ್ನೇ ಎಷ್ಟು ಸಲ ಹೇಳಿದರೋ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಕಮಿಟಿ ಸೆಕ್ರೆಟರಿ ಯಾರು? ನಮ್ಮ ರಾಜೇಶನೇ! "ಸಾಕ್ಷಿ ತನ್ನಿ ಕಾಕ," ಅಂತ ಒಂದೇ ಪಲ್ಲವಿ. ಮುಳುಗಿದ ಹಡಗಿನಿಂದ ಸಾಕ್ಷಿ ತರುವುದು ಹೇಗೆ? ನೆನೆಸಿಕೊಂಡರೆ ಈಗಲೂ ನನಗೆ ಮೈ ಉರಿಯುತ್ತದೆ.

ಆ ರಾತ್ರಿಯೂ ಮೀಟಿಂಗ್ ಜಗಳದಲ್ಲೇ ಮುಗಿಯಿತು. ರಾಜೇಶ, ಮೊಯ್ದು ಕಾಕ ಇಬ್ಬರ ಮನೆಗೂ ಒಂದೇ ದಾರಿ. ಮುಖ ದಪ್ಪ ಮಾಡಿಕೊಂಡು ನಡೆದರು. ಮಳೆ ಹೊಳವಾಗಿ ನಿಂತಿತ್ತು. ಟಾರ್ಚ್ ಬೆಳಕಿನಲ್ಲಿ ನೋಡಿದರೆ ದಾರಿ ತುಂಬ ಇಂಬಳ, ಅದೇ ನೆಲದ ಜಿಗಣೆ, ರಕ್ತಕ್ಕೆ ತಲೆಯೆತ್ತಿ ಆಡುತ್ತಿದ್ದವು. ನಿಂತರೆ ಕಾಲಿಗೆ ಹತ್ತುತ್ತವೆ ಅಂತ ಬೇಗಬೇಗ ಹೆಜ್ಜೆ ಹಾಕಿದರು.

ಆಲದ ಮರದ ಹತ್ತಿರ ಬಂದರು... ಕಪ್ಪೆಗಳು ಒಮ್ಮೆಲೇ ನಿಂತವು.

ಬಾವಿಯೊಳಗೆ ಸದ್ದು. ಗುಳು... ಗುಳು... ಗುಳು... ಕೊಡ ಮುಳುಗುವ ಹಾಗೆ. ಆಮೇಲೆ ಭಾರದ ಕಬ್ಬಿಣದ ಬಾಗಿಲು ತೆರೆದ ಹಾಗೆ. ಕಿರ್ರ್... ಢಣ್.

"ಏನದು ಕಾಕ?" ರಾಜೇಶ ಪಿಸುಗುಟ್ಟಿದ.

"ಶ್... ಟಾರ್ಚ್ ಆರ್ಸಿ."

ಪಚ್... ಪಚ್... ನೀರು ತುಂಬಿದ ಬೂಟಿನ ಹೆಜ್ಜೆ. ಬಾವಿಯಿಂದ ಕಲ್ಲಿನ ಕಡೆಗೆ ಬಂತು. ಮಂಗಳೂರು ಬಂದರಿನ ಉಪ್ಪುಗಾಳಿಯ ವಾಸನೆ ಮೂಗಿಗೆ ಬಡಿಯಿತು. ಆಮೇಲೆ ದನಿ. ತೀರಾ ಸುಸ್ತಾದ ದನಿ, ನಮ್ಮ ಕಡೆಯದೇ ಮಾತು.

"ಎಲ್ರೂ ಇಳಿದ್ರಾ?"

ಮೊಯ್ದು ಕಾಕ ನೆಟ್ಟಗೆ ನಿಂತರು. ಅಳುತ್ತಿದ್ದರಂತೆ.

"ನಾವು ಇಳಿದ್ವಿ ಸಾರ್... ಇನ್ನು ನೀವೂ ಬನ್ನಿ ಸಾರ್."

ಕಲ್ಲಿನ ಹತ್ತಿರದಿಂದ ಅದೇ ದನಿ ಬಂತು.

"ಒಳಗೆ ಇನ್ನೂ ಇದಾರೆ ಮೊಯ್ದು."

ಪಚ್... ಪಚ್... ಹೆಜ್ಜೆ ಬಾವಿಯತ್ತ ವಾಪಸ್ ಹೋಯಿತು. ಢಣ್. ಕಪ್ಪೆಗಳು ಮತ್ತೆ ಕೂಗತೊಡಗಿದವು.

ಮರುದಿನವೇ ರಾಜೇಶ ಕಮಿಟಿಯವರನ್ನು ಕೂರಿಸಿಕೊಂಡು, ಕ್ಯಾಪ್ಟನ್ ಹೆಸರು ಕೆತ್ತಿಸೋಣ ಅಂದ. ಯಾಕೆ ಅಂತ ಕೇಳಿದರು. ಪಾಪ, ಕೇಳಿಸಿಕೊಂಡದ್ದನ್ನು ಇದ್ದ ಹಾಗೇ ಹೇಳಿದ.

"ರಾತ್ರಿ ಎಷ್ಟು ಹಾಕಿದ್ರಿ ಸೆಕ್ರೆಟರಿಗಳೇ?" ಅಂತ ಒಬ್ಬ ನಕ್ಕ.

"ಸಾಕ್ಷಿ ತನ್ನಿ," ಅಂದ ಇನ್ನೊಬ್ಬ.

ತಾನೇ ಹಾಡಿದ ಪಲ್ಲವಿ ತನ್ನ ಕಿವಿಗೇ ಬಿತ್ತು. ಆಮೇಲಿನ ವರ್ಷಗಳಲ್ಲಿ ಮೊಯ್ದು ಕಾಕ ತೀರಿಕೊಂಡರು, ವಿಮಲಮ್ಮನವರೂ ಹೋದರು. ರಾಜೇಶ ಪ್ರತಿ ಮೀಟಿಂಗಿನಲ್ಲೂ ಎದ್ದು ನಿಲ್ಲುತ್ತಾನೆ. ಕೂರಿಸುತ್ತಾರೆ. ಹೆಸರು ಇವತ್ತಿಗೂ ಕೆತ್ತಿಲ್ಲ. ಥೂ, ಏನು ಜನವೋ!

ನಂಬದಿದ್ದರೆ ಬಿಡಿ. ಆದರೆ ಮಳೆಗಾಲದಲ್ಲಿ ಒಮ್ಮೆ ಹೋಗಿ ನೋಡಿ. ಬಾವಿಯಿಂದ ಕಲ್ಲಿನವರೆಗೆ ಒಬ್ಬ ಮನುಷ್ಯ ನಡೆಯುವಷ್ಟು ಅಗಲಕ್ಕೆ, ಇಂಬಳಗಳು ಉಪ್ಪು ಬಿದ್ದ ಹಾಗೆ ಮುದುಡಿ ಸತ್ತಿರುತ್ತವೆ. ತೋಟದ ಹೆಂಗಸರು ಕೆಲಸ ಬಿಟ್ಟು ಬರುವಾಗ ಆ ಕಲ್ಲಿನ ಬುಡದಲ್ಲೇ ಕೂತು ಎಲೆಅಡಿಕೆ ಹಾಕುತ್ತಾರೆ. ಒಂದೂ ಹತ್ತುವುದಿಲ್ಲ. ನಾನೇ ಕೂತು ನೋಡಿದ್ದೇನೆ.