ಹಾಡಿನ ಸಂಜೆಗೆ ಹೆಸರು ಕೊಟ್ಟ ಬಗ್ಗೆ ಮತ್ತು ಮನೆ ಬಿಟ್ಟು ಹೋದ ಮೌನಿಯ ಬಗ್ಗೆ

ನಾನು, ವಯಸ್ಸು 54 ವರ್ಷ, ಕಸುಬು ಕಾರಿನ ಸೀಟು ಕವರು ಹೊಲಿಯುವುದು, ವಾಸ ಬಸ್ ಡಿಪೋ ಹಿಂದಿನ ರಸ್ತೆ, ಟೈರ್ ಅಂಗಡಿಯ ಮೇಲಿನ ಮನೆ. ನಮ್ಮ ರಸ್ತೆಯಲ್ಲಿ ಸೀಟಣ್ಣ ಎಂದರೂ ಗೊತ್ತು, ಸಿಡುಕ ಎಂದರೂ ಗೊತ್ತು. ಈ ದಿನ ಭಾನುವಾರ ಬೆಳಿಗ್ಗೆ 10-30 ಗಂಟೆಗೆ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಹೆಂಡತಿಯ ತಮ್ಮ, ವಯಸ್ಸು 46, ಲಿಫ್ಟ್ ರಿಪೇರಿ ಕೆಲಸ, ನಿನ್ನೆ ಶನಿವಾರ ಸಂಜೆ ಸುಮಾರು 7 ಗಂಟೆಗೆ ಮನೆಯಿಂದ ಹೋದವನು ಈವರೆಗೆ ವಾಪಸ್ ಬಂದಿಲ್ಲ. ಎತ್ತರ ಐದೂವರೆ ಅಡಿ, ಸಣಕಲು ಮೈ, ಎಡಗೈ ಹೆಬ್ಬೆರಳಿನ ಉಗುರು ಕಪ್ಪಾಗಿದೆ. ಮದುವೆ ಆಗಿಲ್ಲ. ಹನ್ನೊಂದು ವರ್ಷದಿಂದ ಅವನನ್ನು ನಾನು ನನ್ನ ಮನೆಯಲ್ಲಿ ಇಟ್ಟುಕೊಂಡಿದ್ದೇನೆ. ಬಾಯಿ ಬಿಟ್ಟು ಮಾತಾಡುವುದು ಅಪರೂಪ, ಆದ್ದರಿಂದ ಎಲ್ಲರೂ ಮೌನಿ ಎನ್ನುತ್ತಾರೆ. ಅವನ ಫೋನ್ ಸ್ವಿಚ್ ಆಫ್ ಆಗಿದೆ. ಕೆಲಸ ಮಾಡುವ ಕಂಪನಿಗೆ ಹೋಗಿ ನೋಡಿದೆನು, ಭಾನುವಾರವಾದ್ದರಿಂದ ಬೀಗ ಹಾಕಿತ್ತು. ಎಷ್ಟೇ ತಡವಾದರೂ ರಾತ್ರಿ ಮಲಗಲು ಮನೆಗೇ ಬರುವವನು ಅವನು.

ನಾನು ಒಳಗೆ ಬಂದ ಕೂಡಲೇ ಕಂಪ್ಯೂಟರಿನವರ ಮೇಲೆ ಕೇಸು ಹಾಕಿ ಎಂದು ಕೂಗಾಡಿದ್ದು ನಿಜ. ಏನು ಕಳುವಾಗಿದೆ ಎಂದು ಬರೆದುಕೊಳ್ಳುವ ಮಹಿಳಾ ಕಾನ್‌ಸ್ಟೆಬಲ್ ಕೇಳಿದ್ದಕ್ಕೆ ಏನೂ ಕಳುವಾಗಿಲ್ಲ, ನಮ್ಮ ಹುಡುಗ ಹೋಗಿದ್ದಾನೆ ಎಂದೆನು. ನಲವತ್ತಾರು ವರ್ಷದವನು ಹುಡುಗನೇ ಎಂದು ಅವರು ಕೇಳಿದರು. ನಮ್ಮ ಮನೆಯಲ್ಲಿ ಹುಡುಗನೇ ಎಂದೆನು. ಆದದ್ದನ್ನು ಆದ ಕ್ರಮದಲ್ಲೇ ಹೇಳಬೇಕು, ಹಿಂದುಮುಂದು ಮಾಡಬಾರದು ಎಂದರು. ಹಾಗೇ ಹೇಳುತ್ತೇನೆ.

ನನ್ನ ಹೆಂಡತಿ ಚೆನ್ನಾಗಿ ಹಾಡುತ್ತಿದ್ದಳು. ನಾನು ಕೆಳಗೆ ನನ್ನ ಅಂಗಡಿಯಲ್ಲಿ ರೆಕ್ಸಿನ್ ಕತ್ತರಿಸುವಾಗ ಮೇಲಿಂದ ಹಾಡು ಕೇಳಿಸುತ್ತಿತ್ತು, ಟೈರ್ ಅಂಗಡಿಯವರೂ ಸುತ್ತಿಗೆ ನಿಲ್ಲಿಸಿ ಕೇಳುತ್ತಿದ್ದರು. ಹೋದ ವರ್ಷ ಗಂಟಲಿನ ಆಪರೇಷನ್ ಆಯಿತು. ಗಾಯ ಮಾಗಿದೆ, ಇನ್ನು ಹಾಡಬಹುದು ಎಂದು ಡಾಕ್ಟರ್ ಹೇಳಿ ಐದು ತಿಂಗಳಾದರೂ ಅವಳು ಒಂದು ಸಾಲೂ ಹಾಡಲಿಲ್ಲ. ಕೇಳಿದರೆ ಸಾಕು ಸುಮ್ಮನಿರಿ ಎನ್ನುತ್ತಿದ್ದಳು. ಮನೆ ಬಿಕೋ ಎನ್ನುತ್ತಿತ್ತು.

ಹೀಗಿರುವಾಗ ಮೂರು ವಾರದ ಹಿಂದೆ, ಪುಸ್ತಕಾಲಯದ ಮೇಲಿನ ಸಭಾಂಗಣದಲ್ಲಿ ಹವ್ಯಾಸಿಗಳಿಗೆ ಹಾಡಿನ ಸಂಜೆ ಇದೆ, ಹೆಸರನ್ನು ಆನ್‌ಲೈನ್‌ನಲ್ಲೇ ನೋಂದಾಯಿಸಬೇಕು ಎಂದು ತಿಳಿಯಿತು. ಮೊದಲೇ ಹೇಳಿದರೆ ಅವಳು ಖಂಡಿತ ಒಲ್ಲೆ ಎನ್ನುತ್ತಾಳೆ. ಆದ್ದರಿಂದ ಹೇಳದೆ ಹೆಸರು ಕೊಟ್ಟು, ಆ ದಿನ ಸುಮ್ಮನೆ ಹೋಗಿ ಬರೋಣ ಬಾ ಎಂದು ಕರೆದುಕೊಂಡು ಹೋಗುವುದು ಎಂದು ತೀರ್ಮಾನಿಸಿದೆನು. ಕಂಪ್ಯೂಟರಿನ ಸಣ್ಣಕ್ಷರ ನನ್ನ ಕಣ್ಣಿಗೆ ನಿಲುಕುವುದಿಲ್ಲ, ಹಾಗಾಗಿ ಮೌನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೆನು. ಅಕ್ಕನ ಹತ್ತಿರ ಬಾಯಿ ಬಿಟ್ಟೀಯಾ ಜೋಕೆ ಎಂದು ಎಚ್ಚರಿಸಿದೆನು. ಅವನು ತಲೆಯಾಡಿಸಿದನು.

ಪುಟ ತೆರೆದ ಕೂಡಲೇ ಕುಕಿಗಳನ್ನು ಒಪ್ಪುತ್ತೀರಾ ಎಂಬ ಪಟ್ಟಿ ಅಡ್ಡ ಬಂತು. ಮೌನಿ ಅದರ ಮೇಲೆ ಬೆರಳಿಟ್ಟು, ಓದೋಣ ಎಂಬಂತೆ ನನ್ನ ಮುಖ ನೋಡಿದನು. ಓದುತ್ತಾ ಕೂತರೆ ಬೆಳಗಾಗುತ್ತದೆ ಎಂದು ನಾನು ಎಲ್ಲವನ್ನೂ ಒಪ್ಪುತ್ತೇನೆ ಎಂಬ ದೊಡ್ಡ ಹಸಿರು ಗುಂಡಿ ಒತ್ತಿದೆನು. ಅರ್ಧ ತುಂಬಿಸಿದಾಗ ಕೆಳಗೆ ಟೈರ್ ಅಂಗಡಿಯವರು ಕಂಪ್ರೆಸರ್ ಹಾಕಿದರು, ನಮ್ಮ ಮನೆಯ ಫ್ಯೂಸ್ ಹೋಯಿತು. ಮಾರನೇ ದಿನ ಮತ್ತೆ ತೆರೆದರೆ ತುಂಬಿಸಿದ್ದೆಲ್ಲ ಹಾಗೇ ಇತ್ತು. ಪರವಾಗಿಲ್ಲವೇ, ಇದಕ್ಕೆ ನಮ್ಮ ನೆನಪಿದೆ ಎಂದು ನಾನು ಹಿರಿಹಿರಿ ಹಿಗ್ಗಿದೆನು. ಕೆಲಸ ಮುಗಿದ ಮೇಲೆ ಗುಟ್ಟು ಉಳಿಯಲೆಂದು ಕಂಪ್ಯೂಟರಿನ ವೈರನ್ನೇ ಗೋಡೆಯಿಂದ ಕಿತ್ತೆನು. ವೈರು ಕಿತ್ತರೆ ಎಲ್ಲ ಮರೆತುಹೋಗುತ್ತದೆ ಎಂದು ನನ್ನ ತಿಳುವಳಿಕೆ.

ನಿನ್ನೆ ಸಂಜೆ ನಾನೂ ಮೌನಿಯೂ ಊಟಕ್ಕೆ ಕೂತಿದ್ದೆವು. ನನ್ನ ಹೆಂಡತಿ ಒಳಗೆ ವೈರು ಮತ್ತೆ ಸಿಕ್ಕಿಸಿ ಕಂಪ್ಯೂಟರಿನಲ್ಲಿ ಪರದೆ ಬಟ್ಟೆಯ ಬೆಲೆ ನೋಡುತ್ತಿದ್ದಳು. ಕೆಂಪಗಾದ ಮುಖ ಹೊತ್ತು ಹೊರಗೆ ಬಂದು, ನಾಳೆ ಹಾಡೋಕೆ ನನ್ನ ಹೆಸರು ಕೊಟ್ಟಿದ್ದೀರಂತಲ್ಲ, ಯಾರನ್ನು ಕೇಳಿ ಕೊಟ್ಟಿರಿ ಎಂದಳು. ಆ ಸಭಾಂಗಣ ಮೂರನೇ ಮಹಡಿಯಲ್ಲಿದೆ, ಅಲ್ಲಿನ ಲಿಫ್ಟ್ ಎರಡು ತಿಂಗಳಿಂದ ಕೆಟ್ಟು ಕೂತಿದೆ, ಆಪರೇಷನ್ ಆದ ಮೇಲೆ ಒಂದು ಮಹಡಿ ಹತ್ತಿದರೇ ಏದುಸಿರು ಬರುತ್ತದೆ, ಮೂರು ಹತ್ತಿ ಉಸಿರು ಬಿಡುತ್ತಾ ಹಾಡಲಾ, ಜನ ನಗಲಿ ಅಂತಲಾ ಎಂದು ಕಣ್ಣೀರು ಹಾಕಿದಳು.

ಅವಳಿಗೆ ಹೇಗೆ ತಿಳಿಯಿತು ಎಂದು ನಾನು ಕೇಳಲಿಲ್ಲ. ಅವಳು ಕಂಪ್ಯೂಟರ್ ಕಡೆ ಕೈ ತೋರಿಸಿ ಏನೋ ಹೇಳಲು ಹೋದಳು, ಅದಕ್ಕೂ ಬಿಡಲಿಲ್ಲ. ನನಗೆ ಪಿತ್ತ ನೆತ್ತಿಗೇರಿತ್ತು. ಗೊತ್ತಿದ್ದವರು ಇಬ್ಬರೇ, ನಾನು ಹೇಳಿಲ್ಲ, ಅಂದ ಮೇಲೆ ಮೌನಿಯೇ. ಹನ್ನೊಂದು ವರ್ಷ ನಿನ್ನನ್ನು ಇಟ್ಟುಕೊಂಡಿದ್ದಕ್ಕೆ ಇದೇನಾ ನೀನು ಮಾಡುವ ಉಪಕಾರ, ಇಷ್ಟು ದಿನ ಮುಚ್ಚಿಕೊಂಡಿದ್ದ ಬಾಯಿ ಇವತ್ತೇ ತೆರೆಯಬೇಕಿತ್ತಾ ಎಂದು ಅವನಿಗೆ ಹೇಳಿದೆನು. ಇನ್ನೂ ಏನೇನೋ ಹೇಳಿದೆನು. ಅದನ್ನು ಬರೆಯಲೇಬೇಕೇ ಎಂದು ಕಾನ್‌ಸ್ಟೆಬಲ್ ಅವರನ್ನು ಕೇಳಿದ್ದಕ್ಕೆ, ಬೇಡ, ಅರ್ಥವಾಯಿತು ಎಂದರು.

ಮೌನಿ ತಟ್ಟೆ ಎತ್ತಿ ತೊಳೆದಿಟ್ಟನು. ಕೆಲಸದ ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದು ಹೋದನು.

ಆಮೇಲೆ ನನ್ನ ಹೆಂಡತಿ ನನ್ನ ತೋಳು ಹಿಡಿದು ಎಳೆದುಕೊಂಡು ಹೋಗಿ ಕಂಪ್ಯೂಟರ್ ತೋರಿಸಿದಳು. ಪರದೆ ಬಟ್ಟೆಯ ಪಕ್ಕದಲ್ಲಿ ಮೈಕಿನ ಜಾಹೀರಾತು, ಗಂಟಲಿನ ಔಷಧಿಯ ಜಾಹೀರಾತು, ನಿಮ್ಮ ಹಾಡಿನ ಸಂಜೆಗೆ ಇನ್ನೊಂದೇ ದಿನ ಎಂಬ ಜಾಹೀರಾತು. ಅದನ್ನು ಒತ್ತಿದರೆ ಮತ್ತೆ ಬಂದಿರಾ, ಸ್ವಾಗತ ಎಂದು ಅವಳದೇ ಹೆಸರು ದಪ್ಪಕ್ಷರದಲ್ಲಿ ಬಂತು. ಉಪ್ಪು ಬೇಕು ಅಂತ ಬಾಯಿ ಬಿಟ್ಟು ಕೇಳದವನು ನಿಮ್ಮ ಗುಟ್ಟು ಹೇಳ್ತಾನಾ ಎಂದಳು. ಅಮ್ಮ ಹೋದಾಗ ಅವನಿಗೆ ಏಳು ವರ್ಷ, ನಾನೇ ಸಾಕಿದವಳು, ನನ್ನ ತಮ್ಮ ಮನೆಗೆ ಬರುವವರೆಗೂ ನನ್ನನ್ನು ಮಾತಾಡಿಸಬೇಡಿ ಎಂದು ಬಾಗಿಲು ಹಾಕಿಕೊಂಡಳು.

ಇವತ್ತು ಬೆಳಿಗ್ಗೆ 8 ಗಂಟೆಗೆ ನೋಂದಣಿ ಸೇವೆಯವರ ಸಹಾಯವಾಣಿಗೆ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬೈದೆನು. ಯಾರು ನಮ್ಮ ಮನೆಯೊಳಗೆ ಇಣುಕುತ್ತಿದ್ದಾರೆ ಹೇಳಿ ಎಂದು ಕೇಳಿದೆನು. ಫೋನ್ ತೆಗೆದುಕೊಂಡ ಹೆಣ್ಣುಮಗಳು ಸಿಟ್ಟಾಗಲಿಲ್ಲ. ಯಾರೂ ಇಣುಕುತ್ತಿಲ್ಲ, ಕುಕಿ ಎಂದರೆ ಪುಟದವರು ನಿಮ್ಮ ಬ್ರೌಸರ್‌ನಲ್ಲೇ ಬಿಟ್ಟುಹೋಗುವ ಒಂದು ಪುಟ್ಟ ಗುರುತು, ಮುಂದಿನ ಸಲ ನೀವು ಬಂದಾಗ ಅದನ್ನು ನೋಡಿ ಗುರುತು ಹಿಡಿಯುತ್ತಾರೆ ಎಂದಳು. ಆಗ ನನಗೆ ಹೊಳೆಯಿತು. ನಾವು ಕವರು ಹೊಲಿದ ಮೇಲೆ ಗಿರಾಕಿಯ ಸೀಟಿನ ಅಡಿಗೆ ಸೀಮೆಸುಣ್ಣದಲ್ಲಿ ಅಳತೆ ಬರೆದು ಕಳಿಸುತ್ತೇವೆ. ಗುರುತು ಇರುವುದು ನಮ್ಮ ಅಂಗಡಿಯಲ್ಲಲ್ಲ, ಅವರ ಕಾರಿನಲ್ಲೇ. ಕಾರು ಮತ್ತೆ ಬಂದರೆ ನೋಡಿ ಕೆಲಸ ಮಾಡುತ್ತೇವೆ. ಹೀಗೇನಮ್ಮಾ ಎಂದೆನು. ಹೂಂ ಸರ್, ಸರಿಯಾಗಿ ಹೇಳಿದಿರಿ, ಆದರೆ ನೀವು ಎಲ್ಲವನ್ನೂ ಒಪ್ಪುತ್ತೇನೆ ಎಂದು ಒತ್ತಿದ್ದರಿಂದ ನಮ್ಮ ಗುರುತಿನ ಜೊತೆ ಜಾಹೀರಾತಿನವರೂ ತಮ್ಮ ಗುರುತು ಹಾಕಿದ್ದಾರೆ, ಬೇಕಾದದ್ದಷ್ಟೇ ಸಾಕು ಎಂಬ ಗುಂಡಿಯೂ ಅದರ ಪಕ್ಕದಲ್ಲೇ ಇತ್ತು ಎಂದಳು. ವೈರು ಕಿತ್ತೆನಲ್ಲ ಎಂದಿದ್ದಕ್ಕೆ ನಗು ತಡೆದುಕೊಂಡು, ವೈರು ಕಿತ್ತರೆ ಹೋಗುವುದಿಲ್ಲ, ಬ್ರೌಸರ್‌ನಲ್ಲಿ ಅಳಿಸಬೇಕು ಎಂದು ತಿಳಿಸಿದಳು.

ನನಗಾಗಿ ನೆನಪಿಟ್ಟುಕೊಂಡ ಕಂಪ್ಯೂಟರ್ ನನ್ನ ಹೆಂಡತಿ ಎದುರಿಗೆ ಮರೆತ ಹಾಗೆ ನಟಿಸುತ್ತದೆ ಎಂದು ನಾನು ಹೇಗೆ ನಂಬಿದೆನೋ ಗೊತ್ತಿಲ್ಲ. ಆ ಹಸಿರು ಗುಂಡಿ ಒತ್ತಿದ್ದು ನನ್ನ ಕೈ. ಮೌನಿ ಓದೋಣ ಎಂದು ಬೆರಳಿಟ್ಟಿದ್ದನು. ಅವನನ್ನು ದಯವಿಟ್ಟು ಹುಡುಕಿಕೊಡಬೇಕು.

ಇಷ್ಟು ಬರೆದ ಮೇಲೆ ಕಾನ್‌ಸ್ಟೆಬಲ್ ಅವರು ಮೊದಲಿಂದ ಓದಿ ಹೇಳಿದರು. ಮೌನಿ ಮೆಟ್ಟಿಲಿಳಿದ ಸಾಲಿಗೆ ಬಂದು ನಿಲ್ಲಿಸಿದರು. ಮನಸ್ಸಿಗೆ ನೋವಾಗಿ ಮನೆ ಬಿಟ್ಟವನು ಬಟ್ಟೆ ತೆಗೆದುಕೊಳ್ಳದೆ ಕೆಲಸದ ಚೀಲ ಯಾಕೆ ತೆಗೆದುಕೊಂಡ ಎಂದು ಕೇಳಿದರು. ಅದರ ಮೇಲಿನ ಸಾಲುಗಳನ್ನು ಇನ್ನೊಮ್ಮೆ ಓದಿದರು. ಮೂರನೇ ಮಹಡಿ, ಲಿಫ್ಟ್ ಎರಡು ತಿಂಗಳಿಂದ ಕೆಟ್ಟಿದೆ. ನಾನು ಅಯ್ಯೋ ದೇವರೇ ಎಂದು ಕುರ್ಚಿಯಿಂದ ಎದ್ದೆನು.

ಮುಂದುವರಿದ ಹೇಳಿಕೆ, ಅದೇ ದಿನ ಸಂಜೆ 4-10 ಗಂಟೆ:

ಪುಸ್ತಕಾಲಯದ ಕಟ್ಟಡಕ್ಕೆ ಹೋದೆನು. ಲಿಫ್ಟಿನ ಬಾಗಿಲು ಅರ್ಧ ತೆರೆದಿತ್ತು, ಕೆಲಸ ನಡೆಯುತ್ತಿದೆ ಎಂಬ ಬೋರ್ಡು ತೂಗುತ್ತಿತ್ತು. ಪಕ್ಕದ ಮೊಳೆಗೆ ಮೌನಿಯ ಶರಟು ನೇತುಹಾಕಿತ್ತು, ಜೇಬಿನಲ್ಲಿ ಫೋನ್ ಇತ್ತು. ಅವನು ನಿನ್ನೆ ಸಂಜೆಯೇ ತನ್ನ ಕಂಪನಿಯ ಮಾಲೀಕರ ಮನೆಗೆ ಹೋಗಿ, ಮುಂದಿನ ವಾರ ಮಾಡಬೇಕಾಗಿದ್ದ ರಿಪೇರಿಯನ್ನು ಈಗಲೇ ಮಾಡುತ್ತೇನೆ ಎಂದು ಒಪ್ಪಿಸಿ, ಬಿಡಿಭಾಗ ತಂದನಂತೆ ಎಂದು ಕಾವಲುಗಾರ ತಿಳಿಸಿದನು. ರಾತ್ರಿ ಕಾವಲುಗಾರನ ಕೋಣೆಯಲ್ಲೇ ಮಲಗಿ, ಬೆಳಕು ಹರಿದಾಗಿನಿಂದ ಕೆಲಸಕ್ಕೆ ಇಳಿದಿದ್ದಾನೆ. ಲಿಫ್ಟಿನ ಅಡಿಯ ಹೊಂಡಕ್ಕೆ ಇಳಿಯುವವರು ಫೋನ್ ಆರಿಸಿ ಹೊರಗಿಡಬೇಕು, ರಿಂಗಾಗಿ ಬೆಚ್ಚಿದರೆ ಕೈ ಜಾರುತ್ತದೆ, ಇದು ಅವರ ಕೆಲಸದ ನಿಯಮ ಎಂದೂ ಕಾವಲುಗಾರನೇ ಹೇಳಿದನು. ಮನೆಗೆ ಯಾಕೆ ತಿಳಿಸಲಿಲ್ಲ ಎಂದು ಕೇಳಬೇಡಿ. ನಾನು ಆಡಿದ ಮಾತಿನ ಮೇಲೆ ಯಾರು ತಿಳಿಸುತ್ತಾರೆ.

ನಾನು ಬಗ್ಗಿ, ತಪ್ಪಾಯಿತು ಕಣೋ, ಬಾಯಿಗೆ ಬಂದದ್ದು ಅಂದುಬಿಟ್ಟೆ, ಮೇಲೆ ಬಾ ಎಂದು ಕೂಗಿದೆನು. ಅಳುವೂ ಬಂತು. ಅವನು ತಲೆ ಎತ್ತಿದನು. ಆಮೇಲೆ ಟಾರ್ಚ್ ಮೇಲಕ್ಕೆ ಚಾಚಿ, ಭಾವ, ಇದನ್ನ ಇಲ್ಲಿಗೆ ಸರಿಯಾಗಿ ಹಿಡ್ಕೊಳಿ ಎಂದನು. ಹಿಡಿದೆನು. ಬೆಳಕು ಅತ್ತಿತ್ತ ಹೋಗುತ್ತಿದೆ ಎಂದು ಎರಡು ಸಲ ಬೈಸಿಕೊಂಡೆನು. ಹನ್ನೊಂದು ವರ್ಷದಲ್ಲಿ ಅವನು ನನ್ನನ್ನು ಬೈದದ್ದು ಇದೇ ಮೊದಲು, ನನಗೆ ಹಾಯೆನಿಸಿತು.

ನನ್ನ ಹೆಂಡತಿಯನ್ನು ಕರೆದುಕೊಂಡು ಬಂದೆನು. ತಮ್ಮನ ಮುಖದ ಗ್ರೀಸನ್ನು ಸೆರಗಿನಿಂದ ಒರೆಸಿದಳು. ಹಾಡ್ತೀನೋ ಇಲ್ವೋ ಗೊತ್ತಿಲ್ಲ, ಲಿಫ್ಟಲ್ಲಂತೂ ಹೋಗ್ತೀನಿ ಎಂದಳು. ಅವನು ಮೂರರ ಗುಂಡಿ ಒತ್ತಿ ತಾನು ಹೊರಗೆ ಬಂದನು. ಬಾಗಿಲು ಮುಚ್ಚಿತು. ಲಿಫ್ಟು ಎರಡನೇ ಮಹಡಿ ದಾಟುವಾಗ ಒಳಗಿಂದ ಗುನುಗುವುದು ಕೇಳಿಸಿತು. ಧ್ವನಿ ಮೊದಲಿನ ಹಾಗಿಲ್ಲ, ಸ್ವಲ್ಪ ಒಡಕಿದೆ. ನಾವಿಬ್ಬರೂ ಮುಚ್ಚಿದ ಬಾಗಿಲಿಗೆ ಕಿವಿ ಹಚ್ಚಿದೆವು.

ಆದ್ದರಿಂದ ಕಾಣೆಯಾದವನು ಸಿಕ್ಕಿದ್ದಾನೆ, ನನ್ನ ಜೊತೆಗೇ ಠಾಣೆಗೆ ಬಂದಿದ್ದಾನೆ, ಕಂಪ್ಯೂಟರಿನವರ ಮೇಲೂ ನನ್ನ ದೂರಿಲ್ಲ. ಕಾರ್ಯಕ್ರಮ 5 ಗಂಟೆಗೆ, ಬೇಗ ಬಿಡಬೇಕಾಗಿ ವಿನಂತಿ.

ಮೇಲಿನದೆಲ್ಲವನ್ನೂ ಓದಿಸಿ ಕೇಳಿದೆನು. ಒಂದು ಸಾಲು ಮಾತ್ರ ಸರಿಯಿಲ್ಲ. ಮೊದಲ ಭಾಗದಲ್ಲಿ ಅವನನ್ನು ನಾನು ನನ್ನ ಮನೆಯಲ್ಲಿ ಇಟ್ಟುಕೊಂಡಿದ್ದೇನೆ ಎಂದು ಬರೆಸಿದ್ದೇನೆ. ಅದನ್ನು ಹೊಡೆದುಹಾಕಿ, ಹನ್ನೊಂದು ವರ್ಷದಿಂದ ನಾವು ಮೂವರು ಒಟ್ಟಿಗೆ ಇದ್ದೇವೆ ಎಂದು ಬರೆಯಬೇಕು. ಹಾಗೆ ತಿದ್ದಿದ ಮೇಲೆ ಇದರಲ್ಲಿರುವುದೆಲ್ಲ ನಿಜ, ನಾನೇ ಹೇಳಿ ಬರೆಸಿದ್ದು.

ಸ್ಥಳ: ಠಾಣೆ
ದಿನ: ಭಾನುವಾರ

(ಸಹಿ) ಸೀಟಣ್ಣ

ತಿದ್ದುಪಡಿಗೆ ಸಾಕ್ಷಿ: (ಸಹಿ) ಮೌನಿ. ಏನಾದರೂ ಸೇರಿಸುವುದಿದೆಯೇ ಎಂದು ಕೇಳಲಾಗಿ, ಹೊತ್ತಾಯಿತು, ಅಕ್ಕ ಕಾಯ್ತಿರ್ತಾಳೆ ಎಂದರು.