ಕ್ಲಿಪ್ಪಿನೊಳಗಿನ ಬೆರಳು

ಇಟ್ಟಮಡುವಿನ ಪ್ರಾಣಿಗಳ ಕ್ಲಿನಿಕ್ಕಿನಲ್ಲಿ ಬೆಕ್ಕಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಸುರಭಿಗೆ ಪಕ್ಕದ ಬೆಂಚಿನ ಮಾತು ಕೇಳಿಸಿಕೊಳ್ಳದೆ ಗತಿಯಿರಲಿಲ್ಲ. ಅಲ್ಲಿ ಚಕ್ರಪಾಣಿ, ಹೆಂಡತಿ ಅಮ್ಮಣ್ಣಿ, ಅವರ ಮುದಿ ನಾಯಿ. ಎದುರಿಗೆ, ನಾಡಿಬಡಿತ ತೋರಿಸುವ ಮಷೀನಿನ ಕಂಪನಿಯಿಂದ ವಿಚಾರಿಸಲು ಬಂದಿದ್ದ ಮುತ್ತುರಾಜ.

“ಹೋದ ವಾರ ಏನಾಯ್ತು ಸಾರ್?”

“ಹಲ್ಲು ಕೀಳೋಕ್ಮುಂಚೆ ಇವನ ಕಿವಿಗೆ ಕ್ಲಿಪ್ ಹಾಕಿದ್ರು. ಹೃದಯ ತಪ್ಪಿ ತಪ್ಪಿ ಬಡೀತಿದೆ ಅಂತ ಮಷೀನ್ ತೋರಿಸ್ತು. ಡಾಕ್ಟ್ರು ಅಲ್ಲಿಗೇ ನಿಲ್ಲಿಸಿಬಿಟ್ರು.”

“ಬೇರೆ ಕಡೆ ತೋರಿಸಿದ್ರೆ ನಾಯಿ ಗುಂಡುಕಲ್ಲಿನ ಹಾಗಿದೆ,” ಅಂದರು ಅಮ್ಮಣ್ಣಿ. “ನಿಮ್ಮ ಮಷೀನೇ ಕೆಟ್ಟಿದೆ.”

“ಚೆಕ್ ಮಾಡ್ದೆ ಮೇಡಂ, ಸರಿಯಾಗಿದೆ. ನಾಯಿ ಕಿವಿ ಕೊಡವ್ತಾ ಇತ್ತಾ?”

“ಹೂಂ. ಕ್ಲಿಪ್ ಬಿದ್ದುಹೋಗುತ್ತಲ್ಲ ಅಂತ ನಾನೇ ಹಿಡ್ಕೊಂಡಿದ್ದೆ,” ಅಂದರು ಚಕ್ರಪಾಣಿ.

“ಹೇಗೆ ಸಾರ್?”

ಮುತ್ತುರಾಜ ಕೊಟ್ಟ ಕ್ಲಿಪ್ಪಿನೊಳಗೆ ಚಕ್ರಪಾಣಿ ತೋರುಬೆರಳು ತೂರಿಸಿದರು.

“ಕಿವಿ?”

“ಕಿವಿ ಹೊರಗಿತ್ತು.”

ಮುತ್ತುರಾಜ ಕ್ಲಿಪ್ಪನ್ನು ವಾಪಸು ತೆಗೆದುಕೊಂಡ. “ಹಾಗಾದ್ರೆ ಮಷೀನ್ ತೋರಿಸಿದ್ದು ನಿಮ್ಮ ನಾಡಿ ಸಾರ್.”

ಸುರಭಿ ತನಗರಿವಿಲ್ಲದೆ ತನ್ನ ಮಣಿಕಟ್ಟು ಒತ್ತಿ ನೋಡಿಕೊಂಡಳು.

“ಮನುಷ್ಯರಿಗೂ ಸರಿಯಾಗಿ ತೋರಿಸುತ್ತೇನಪ್ಪಾ?” ಅಮ್ಮಣ್ಣಿ ಮೆಲ್ಲಗೆ ಕೇಳಿದರು.

“ಇನ್ನೂ ಚೆನ್ನಾಗಿ ತೋರಿಸುತ್ತೆ ಮೇಡಂ.”

ಅಮ್ಮಣ್ಣಿ ಎದ್ದು, ಒಂದು ಕೈಯಲ್ಲಿ ನಾಯಿಯ ಬೆಲ್ಟು, ಇನ್ನೊಂದರಲ್ಲಿ ಗಂಡನ ಮೊಣಕೈ ಹಿಡಿದು ಹೊರಗೆ ಹೋಗಿ ಆಟೋ ನಿಲ್ಲಿಸಿದರು. “ಹಾರ್ಟ್ ಆಸ್ಪತ್ರೆಗೆ ನಡಿಯಪ್ಪ. ನಾಯಿಗಲ್ಲ, ಇವ್ರಿಗೆ.”