ಚನ್ನಾರಿಯ ಪರೀಕ್ಷೆ ಬರೆದವಳು

ಹಲೋ... ಹಲೋ, ಲೋಟಸ್ ಡೋನಟ್ ಅಂಗಡಿ. ಯಾರು ಮಾತಾಡ್ತಿರೋದು?

...

ಕಾಲೇಜಿಂದಲಾ? ಡೆಲಾನಿ ಮೇಡಂ? ಸಮಾಜಶಾಸ್ತ್ರಕ್ಕೆ ಹೋದ ವಾರ ಹೊಸದಾಗಿ ಬಂದ್ರಲ್ಲ, ಅವರಾ?

...

ಚನ್ನಾರಿ ಇಲ್ಲ ಮೇಡಂ. ಹಾಂ? ಅಲ್ಲಲ್ಲ, ಇದೀನಿ. ಚನ್ನಾರಿನೇ ಮಾತಾಡ್ತಿರೋದು. ಇಲ್ಲ ಅಂದ್ನಾ? ಹಿಟ್ಟು ಕಲಸ್ತಿದ್ದೆ, ಗಮನ ಇರ್ಲಿಲ್ಲ.

...

ಹೌದು, ಹಗಲು ಹೈಸ್ಕೂಲು, ಹನ್ನೊಂದನೇ ಕ್ಲಾಸು. ಸಂಜೆ ನಿಮ್ಮ ಕಮ್ಯೂನಿಟಿ ಕಾಲೇಜು. ಒಂದೇ ಓದು ಎರಡೂ ಕಡೆ ಲೆಕ್ಕಕ್ಕೆ ಬರುತ್ತಲ್ವಾ, ಅದಕ್ಕೇ ಸೇರಿಸಿದ್ದು. ಸೇರಿದ್ದು. ನಾನೇ ಸೇರಿದ್ದು.

...

ಯಾಕೆ ಮೇಡಂ, ಫೇಲಾ? ಹೆಸರು ತೆಗೆದುಬಿಟ್ರಾ? ನಿಮ್ಮಲ್ಲಿ ಫೇಲಾದ್ರೆ ಮುಂದೆ ಎಲ್ಲಿ ಅರ್ಜಿ ಹಾಕಿದ್ರೂ ಅದು ಜೊತೇಲೇ ಬರುತ್ತಂತೆ, ಅಲ್ವಾ?

...

ಮಂಗಳವಾರದ ಪರೀಕ್ಷೇಲಾ? ತೊಂಬತ್ತಾರಾ? ನೂರಕ್ಕಾ? ಅಯ್ಯೋ ದೇವರೇ, ಕೆಟ್ಟೆ... ಅಲ್ಲ, ಖುಷಿಗೆ ಹಾಗಂದೆ.

...

ಹಾಂ, ಹಿಂದಿನದ್ರಲ್ಲಿ ನಲವತ್ತೊಂದು. ಚೆನ್ನಾಗಿ ಬೈದಿದ್ದೆ ಅವಳಿಗೆ. ನನಗೆ. ನನಗೆ ನಾನೇ ಬೈಕೊಂಡಿದ್ದೆ.

...

ನಾನು ಬರೆದಿದ್ದು ಪುಸ್ತಕದಲ್ಲಿ ಇಲ್ವಾ? ಕ್ಯೂನಲ್ಲಿ ಜನ ಹೇಗೆ ನಡ್ಕೋತಾರೆ ಅಂತ ನೀವೇ ಕೇಳಿದ್ರಲ್ಲ, ಕೌಂಟರಲ್ಲಿ ನೋಡಿದ್ದನ್ನ ಬರೆದೆ. ಒಂದು ಡಜನ್ ತಗೊಂಡು, ನಾವು ಕೇಳ್ದೇ ಇದ್ರೂ 'ಆಫೀಸಿನವರಿಗೆ' ಅನ್ನೋರು ಕಾರು ಸ್ಟಾರ್ಟ್ ಮಾಡೋ ಮುಂಚೆ ಎರಡು ಮುಗಿಸಿರ್ತಾರೆ. ಆಮೇಲೆ ಗುಲಾಬಿ ಡಬ್ಬದಲ್ಲಿ ಮಿಕ್ಕಿದ್ದನ್ನ ದೂರ ದೂರ ಜೋಡಿಸ್ತಾರೆ, ಖಾಲಿ ಕಾಣಬಾರದು ಅಂತ. ಯಾಕೆ ನಗ್ತೀರಾ?

...

ನೀವೂನಾ?

...

ಒಂದು ನಿಮಿಷ ಮೇಡಂ. ಅಮ್ಮಾ, ಅವರಿಗೆ ಚಾಕ್ಲೇಟಿನವು ಆರು! ಬೆರಳು ತೋರಿಸ್ತಿದಾರಲ್ಲ, ಆ ತಟ್ಟೆ! ಹಾಂ, ಹೇಳಿ.

...

ಎಷ್ಟು ವರ್ಷದಿಂದ ಕೌಂಟರಲ್ಲಿದೀನಾ? ಆರು.

...

ಹದಿನಾರೇ ನನಗೆ. ಹಾಗಾದ್ರೆ... ಹತ್ತನೇ ವಯಸ್ಸಿಂದ ಅಂತಾಯ್ತು. ಅಯ್ಯೋ ಬೇಡ ಮೇಡಂ, ಯಾರಿಗೂ ದೂರು ಕೊಡ್ಬೇಡಿ, ನಮ್ಮಮ್ಮ ಅಂಥೋರಲ್ಲ!

...

ಆ ಉತ್ತರನ ನಾಳೆ ಎದ್ದು ನಿಂತು ಓದ್ಬೇಕಾ? ಅರವತ್ತು ಜನರ ಮುಂದೆ? ಆಗಲ್ಲ, ಗಂಟಲು ನೋವು. ಈಗಿಲ್ಲ. ನಾಳೆ ಬರುತ್ತೆ.

...

ಮೇಡಂ, ನಿಲ್ಲಿ. ನಾನು ಚನ್ನಾರಿ ಅಲ್ಲ. ಅವಳ ಅಕ್ಕ, ಸೋಫೀಪ್.

...

ಹಲೋ? ಇದೀರಾ?

...

ಹೈಸ್ಕೂಲಿಗೆ ಈ ವಾರ ರಜೆ. ಕಾಲೇಜಿಗೂ ಇದೇ ವಾರ ಅಂದ್ಕೊಂಡು ಲಾಂಗ್ ಬೀಚಿಗೆ, ಚಿಕ್ಕಮ್ಮನ ಮನೆಗೆ ಹೋಗ್ಬಿಟ್ಳು. ನಿಮ್ಮ ರಜೆ ಮುಂದಿನ ವಾರ ಅಂತ ಅಲ್ಲಿಗೆ ಹೋದ್ಮೇಲೆ ಗೊತ್ತಾಯ್ತು. ಅದನ್ನ ಹೇಳಿ ಹೋಗೋಣ ಅಂತಲೇ ಮಂಗಳವಾರ ನಾನು ಕ್ಲಾಸಿಗೆ ಬಂದಿದ್ದು. ನೀವು ಹಾಜರಿ ಕೂಗ್ತಿದ್ರಿ. 'ಚನ್ನಾರಿ' ಅಂದಾಗ ನಾನು ಕೈ ಎತ್ತಿದೆ, ಮಾತಾಡ್ಬೇಕು ಅಂತ. ಎಲ್ಲರೂ ತಿರುಗಿ ನೋಡಿದ್ರು, ನಾಚಿ ಖಾಲಿ ಕುರ್ಚೀಲಿ ಕೂತ್ಬಿಟ್ಟೆ. ನೀವು ಪ್ರಶ್ನೆಪತ್ರಿಕೆ ಕೈಗಿಟ್ರಿ. ಕೊಟ್ಟಮೇಲೆ... ಬರೆದೆ.

...

ತಪ್ಪು ನಂದು. ಅವಳನ್ನ ಫೇಲ್ ಮಾಡ್ಬೇಡಿ. ಆ ತೊಂಬತ್ತಾರನ್ನ ಹೊಡೆದು ಹಾಕಿ, ಪರವಾಗಿಲ್ಲ. ಸ್ವಲ್ಪ ಹೊಟ್ಟೆ ಉರಿಯುತ್ತೆ, ಆದ್ರೂ ಹಾಕಿ.

...

ನಾಳೆ ಅವಳೇ ಬಂದು ಬೇರೆ ಪರೀಕ್ಷೆ ಬರೀಬೇಕಾ? ಅಷ್ಟೇನಾ? ಬರೀತಾಳೆ. ಇವತ್ತು ಬರ್ತಾಳೆ ಊರಿಂದ, ಕಿವಿ ಹಿಡ್ಕೊಂಡು ಕರ್ಕೊಂಡು ಬರ್ತೀನಿ. ನಾನು ಕಾರಲ್ಲೇ ಕೂತಿರ್ತೀನಿ, ಒಳಗೆ ಕಾಲಿಡಲ್ಲ.

...

ಇಡ್ಬೇಕಾ? ಯಾಕೆ?

...

ನಾನು ಸೇರೋದಾ? ಇಲ್ಲ ಮೇಡಂ, ನಾನು ಹೈಸ್ಕೂಲೇ ಮುಗಿಸಿಲ್ಲ. ಅಪ್ಪನ ಬೆನ್ನು ಹೋಯ್ತು, ಅಂಗಡಿಗೆ ಜನ ಬೇಕಿತ್ತು, ಹತ್ತನೇ ಕ್ಲಾಸಿಗೇ ಬಿಟ್ಟೆ. ಈಗ ಇಪ್ಪತ್ತೆರಡು.

...

ಹದಿನೆಂಟು ದಾಟಿದ್ರೆ ಸಾಕಾ? ಹೈಸ್ಕೂಲು ಮುಗಿಸ್ದೇ ಇದ್ರೂನಾ? ಸುಳ್ಳು! ಕ್ಷಮಿಸಿ, ನೀವು ಸುಳ್ಳು ಹೇಳ್ತೀರಿ ಅಂತಲ್ಲ.

...

ಅಲ್ಲ ಮೇಡಂ, ಚನ್ನಾರಿನ ಸೇರಿಸೋಕೆ ಅಮ್ಮಂದು, ಪ್ರಿನ್ಸಿಪಾಲರದು, ಹೈಸ್ಕೂಲಿನ ಕೌನ್ಸೆಲರದು ಅಂತ ಮೂರು ಸಹಿಗೆ ಎರಡು ವಾರ ಅಲೆದಿದೀನಿ. ನನಗೆ ಯಾರ್ ಯಾರ ಸಹಿ ಬೇಕು?

...

ನಂದಾ?

...

ನಂದೊಂದೇನಾ?

...

ಇದೀನಿ, ಇದೀನಿ, ಕೇಳಿಸ್ತಿದೆ. ಬರ್ಕೊಳ್ಳಿ ಮೇಡಂ. ಸೋಫೀ... ಅಮ್ಮಾ, ಅವರ ಕಾರ್ಡು ಈಗ ಉಜ್ಜಬೇಡ! ಆ ಮೆಷಿನ್ನೂ ಇದೇ ಫೋನ್ ಲೈನಲ್ಲಿ, ಕಟ್ ಆಗುತ್ತೆ... ಅಮ್ಮಾ, ಒಂದೇ ನಿಮಿ...